ಮೂರು ಗೇಣಿನ ಗಾಳದ ಕೋಲು

ನಮ್ಮ ತೋಟದ ಕೆರೆಯಲ್ಲಿ ನಾನು ಗಾಳ ಹಾಕಿ ಕೂತರೆ ಈಗೀಗ ನೋಡುವವರು ಜಾಸ್ತಿ. ಮೀನು ನೋಡೋಕಲ್ಲ, ನನ್ನ ಕೋಲು ನೋಡೋಕೆ. ಸರಿಯಾಗಿ ಮೂರು ಗೇಣು ಉದ್ದ ಇದೆ. ಇಂಚಿನಲ್ಲಿ ಹೇಳಿದರೆ 27. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಮೊದಲ ದಿನ ನೋಡಿ, "ಅಮ್ಮಾ, ಇದು ಮುರಿದು ಉಳಿದ ತುಂಡಾ?" ಎಂದು ಕೇಳಿದರು. ಕೆಲಸದವರ ಲೈನ್ ಮನೆ ಮಕ್ಕಳಿಗೆ ಅದು ಆಟದ ಸಾಮಾನು.

ಅದು ಆಟದ ಸಾಮಾನಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು, ಐಸ್ ಕೊರೆದು, ಆ ತೂತಿನಲ್ಲಿ ಗಾಳ ಇಳಿಸೋಕೆ ಮಾಡಿದ ರಾಡ್. ಕೊಡಗಿನ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟಕ್ಕೆ ಅದು ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಒಂದು ಸಲ ಬರೆದೇ ಬಿಡೋಣ ಅನಿಸಿತು.

2022ರ ಡಿಸೆಂಬರ್ ಕೊನೆಗೆ ನಾನು ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನೆಸೋಟಕ್ಕೆ ಹೋದೆ. ಇಲ್ಲಿ ರೊಬಸ್ಟಾ ಕೊಯ್ಲು ಶುರುವಾಗುವ ಹೊತ್ತು. "ನೀನು ಹೋಗು, ಕೊಯ್ಲು ನಾನು ನೋಡ್ಕೋತೀನಿ" ಎಂದರು ನಮ್ಮವರು. ಬಾಯಿ ಹಾಗೆ ಹೇಳಿದರೂ ಮುಖ ಬೇರೆ ಹೇಳುತ್ತಿತ್ತು. ಪೆಟ್ಟಿಗೆಯಲ್ಲಿ ಬಾಣಂತಿ ಮದ್ದಿನ ಪುಡಿ, ಕಾಳುಮೆಣಸು, ಒಂದು ಬಾಟಲಿ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ. ಹೋಗಿ ಇಳಿದಾಗ ಮೈನಸ್ 20 ಡಿಗ್ರಿ. ಮಡಿಕೇರಿ ಚಳಿ ನೋಡಿದ್ದೀನಿ ಎಂದು ಜಂಬ ಇತ್ತು. ಅದು ಏರ್‌ಪೋರ್ಟ್ ಬಾಗಿಲಲ್ಲೇ ಇಳಿಯಿತು.

ಮಗುವಿಗೆ ಎಣ್ಣೆ ನೀರು, ಮಗಳಿಗೆ ಪಥ್ಯ, ಇದರಲ್ಲೇ ಮೂರು ವಾರ ಕಳೆಯಿತು. ಅಡುಗೆಮನೆ ಕಿಟಕಿಯಿಂದ ಒಂದು ಸಣ್ಣ ಕೆರೆ ಕಾಣುತ್ತಿತ್ತು. ಕೆರೆ ಅಂದರೆ ಬಿಳಿ ಬಯಲು ಅಷ್ಟೆ. ಆ ರಾಜ್ಯದಲ್ಲಿ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆಯಂತೆ, ಅದರಲ್ಲಿ ಇದೂ ಒಂದು. ದಿನಾ ಬೆಳಿಗ್ಗೆ ಒಬ್ಬ ಅಜ್ಜ ಬರುತ್ತಿದ್ದರು. ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಏನೋ ಸಣ್ಣದು. ಮೊದಲು ಅವರು ಹೆಣಿಗೆ ಹಾಕುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ಆ ಹೆಣಿಗೆ ಕಡ್ಡಿಯ ತುದಿಯಲ್ಲಿ ಮೀನು ಒದ್ದಾಡಿತು ನೋಡಿ, ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟೆ.

ನನಗೆ ಗಾಳದ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ವಾಟೆ ಬಿದಿರು ಕಡಿದು ತಂದು, ಒಲೆಯ ಮೇಲಿನ ಅಟ್ಟದಲ್ಲಿ ಒಂದು ಮಳೆಗಾಲ ಪೂರ್ತಿ ಹೊಗೆಗೆ ಇಟ್ಟು ಕೋಲು ಮಾಡುತ್ತಿದ್ದರು. ತೋಡಿನಲ್ಲಿ, ಗದ್ದೆಯ ಬದಿಯಲ್ಲಿ ನಾನು ಅವರ ಹಿಂದೆ. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಅಜ್ಜಿ ಗೊಣಗುತ್ತಿದ್ದರು. ರಾತ್ರಿ ಸಾರಿಗೆ ಮೀನು ಬಿದ್ದಾಗ ಮಾತ್ರ ಗೊಣಗುತ್ತಿರಲಿಲ್ಲ.

ಅಳಿಯ ಬೆಂಗಳೂರಿನವರು. ಮೀನು ತಿನ್ನೋದು ಗೊತ್ತು, ಹಿಡಿಯೋದು ಗೊತ್ತಿಲ್ಲ. ಆದರೂ "ಅತ್ತೆ, ಒಂದು ಭಾನುವಾರ ಹೋಗೋಣ ನಡೀರಿ, ನಿಮಗೂ ಮನೆಯೊಳಗೇ ಕೂತು ಬೇಜಾರಾಗಿದೆ" ಎಂದರು. ಗಾಳ ಹಾಕೋಕೆ ನನಗೆ ಹೊರಗಿನಿಂದ ಬಂದವರ ಲೈಸೆನ್ಸ್ ಮಾಡಿಸಿದರು, ಕೆಲವೇ ದಿನದ್ದು. ನಂತರ ಅಂಗಡಿ.

ಆ ಅಂಗಡಿಯೊಳಗೆ ಸಂತೆಯೇ ಇತ್ತು. ಒಂದು ಗೋಡೆ ಪೂರ್ತಿ ಮೊಳ ಮೊಳ ಉದ್ದದ ರಾಡ್. ಎರಡು ಅಡಿಯಿಂದ ಮೂರು ಅಡಿವರೆಗೆ, ಅದಕ್ಕಿಂತ ಉದ್ದ ಅಪರೂಪ. ಯಾಕೆ ಇಷ್ಟು ಗಿಡ್ಡ ಎಂದು ಕೇಳಿದೆ. ಯೋಚಿಸಿದರೆ ಸುಲಭ. ನಾವು ದಡದಲ್ಲಿ ನಿಂತು ದೂರ ಎಸೆಯುತ್ತೇವೆ, ಅದಕ್ಕೆ ಉದ್ದ ಬೇಕು. ಅಲ್ಲಿ ಎಸೆಯೋ ಮಾತೇ ಇಲ್ಲ. ಎಂಟು ಇಂಚು ಅಗಲದ ತೂತು, ಅದರ ಪಕ್ಕದಲ್ಲೇ ನಾವು. ದಾರ ನೆಟ್ಟಗೆ ಕೆಳಗೆ ಇಳಿಯಬೇಕು. ಉದ್ದ ಕೋಲು ಹಿಡಿದರೆ ತೂತಿನಿಂದ ನಾವೇ ದೂರ ಹೋಗಿ ಕೂರಬೇಕು. ಐಸ್ ಮೇಲೆ ಡೇರೆ ಹಾಕಿ ಅದರೊಳಗೆ ಕೂತವರಿಗಂತೂ ಕೋಲು ಬಟ್ಟೆಗೆ ತಾಗುತ್ತದೆ.

ಅಲ್ಲಿದ್ದ ಹುಡುಗ ಕೇಳಿದ, ಯಾವ ಮೀನು? ನಾವು ಯಾವುದಾದರೂ ಆಗಬಹುದು ಎಂದೆವು. ಅದೇ ತಪ್ಪು. ಯಾವುದಾದರೂ ಆಗಬಹುದು ಎಂದವರಿಗೆ ಅಂಗಡಿಯವನು ದೊಡ್ಡದನ್ನೇ ಕೊಡುತ್ತಾನೆ. ಬಟ್ಟೆ ಅಂಗಡಿಯಲ್ಲೂ ಹಾಗೇ ಅಲ್ವಾ? 36 ಇಂಚಿನ ಗಟ್ಟಿ ರಾಡ್ ಕೊಟ್ಟ. ಅದರ ಮೇಲೆ 'ಮೀಡಿಯಂ ಹೆವಿ' ಎಂದು ಬರೆದಿತ್ತು. ರೀಲಿನಲ್ಲಿ ಹೆಣೆದ ದಾರ, ಬ್ರೇಡ್ ಅನ್ನುತ್ತಾರೆ. ಜೊತೆಗೆ ನನ್ನ ಹೆಬ್ಬೆರಳಿನಷ್ಟು ದಪ್ಪದ ಒಂದು ಬಣ್ಣದ ನಕಲಿ ಮೀನು, ಮೂರು ಕಡೆ ಕೊಕ್ಕೆ. ಕೈಯಲ್ಲಿ ಹಿಡಿದಾಗ ಭದ್ರ ಅನಿಸಿತು. ನಾನೂ ಖುಷಿಯಾಗಿ ತಲೆ ಆಡಿಸಿದೆ.

ಭಾನುವಾರ ಹೋದೆವು. ಐಸ್ ನಾಲ್ಕು ಇಂಚಾದರೂ ದಪ್ಪ ಇಲ್ಲದಿದ್ದರೆ ಕಾಲಿಡಬಾರದು ಎನ್ನುತ್ತಾರೆ, ಅದೂ ಹೊಸದಾಗಿ ಕಟ್ಟಿದ, ಗಾಜಿನಂಥ ಐಸ್ ಆದರೆ. ಅಲ್ಲಿ ಒಂದು ಅಡಿಗಿಂತ ಹೆಚ್ಚಿತ್ತು. ಆದರೂ ಮೊದಲ ಹತ್ತು ಹೆಜ್ಜೆ ನಾನು ದೇವರ ಹೆಸರು ಬಿಡಲಿಲ್ಲ. ಕೆರೆ ಬೇರೆ ಸದ್ದು ಮಾಡುತ್ತದೆ. ದೂರದಲ್ಲಿ ಯಾರೋ ಕೋವಿ ಹಾರಿಸಿದ ಹಾಗೆ ಒಂದು ಡಬ್, ಆಮೇಲೆ ಉದ್ದಕ್ಕೆ ಎಳೆದ ಒಂದು ಗುಂಯ್. ನಮ್ಮ ಹುತ್ತರಿ ಹಬ್ಬಕ್ಕೆ ಕದಿರು ತೆಗೆಯುವಾಗ ಹಾರಿಸುವ ಗುಂಡಿನ ನೆನಪಾಯಿತು. ಐಸ್ ಹಿಗ್ಗಿ ಕುಗ್ಗುವ ಸದ್ದಂತೆ, ಹೆದರಬೇಕಿಲ್ಲವಂತೆ. ಹೇಳುವುದು ಸುಲಭ.

ತೂತು ಕೊರೆಯುವ ಯಂತ್ರಕ್ಕೆ ಆಗರ್ ಎಂದು ಹೆಸರು. ನಮ್ಮಲ್ಲಿ ಗಿಡ ನೆಡೋಕೆ ಗುಂಡಿ ತೋಡುವ ಮೆಷಿನ್ ಇದೆಯಲ್ಲ, ಅದರ ತಮ್ಮ. ಕೊರೆದ ಮೇಲೆ ನೀರಿನ ಮೇಲೆ ತೇಲುವ ಐಸ್ ಚೂರುಗಳನ್ನು ಬೋಂಡ ಎತ್ತುವ ತೂತಿನ ಸೌಟಿನಂಥದರಿಂದ ತೆಗೆಯುತ್ತಾರೆ. ಆ ಕೆಲಸ ನಾನೇ ತಗೊಂಡೆ, ಕೈಗೆ ಒಗ್ಗಿದ್ದು.

ಎರಡು ಗಂಟೆ ಕೂತೆವು. ಒಂದು ಮೀನಿಲ್ಲ. ಹೆಣೆದ ದಾರ ನೀರು ಹೀರುತ್ತದೆ. ಮೇಲೆ ಬಂದ ಕೂಡಲೇ ಹೆಪ್ಪುಗಟ್ಟುತ್ತದೆ. ದಾರ ಹಾಯುವ ರಾಡಿನ ಬಳೆಗಳಲ್ಲಿ ಐಸ್ ತುಂಬಿ ದಾರ ಓಡಲೇ ಇಲ್ಲ. ಅಳಿಯ ಬಾಯಿಂದ ಉಫ್ ಉಫ್ ಎಂದು ಊದಿ ಬಿಡಿಸುತ್ತಾರೆ, ಮತ್ತೆ ಕಟ್ಟುತ್ತದೆ. ಅತ್ತ ಬಕೆಟ್ ಅಜ್ಜ ಆರು ಮೀನು ಎತ್ತಿದ್ದರು.

ನಾನು ಎದ್ದು ಹೋಗಿ ಅವರ ಪಕ್ಕ ನಿಂತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರಿಗೂ ಮಾತು ಕಡಿಮೆ. ಗಾಳದವರಿಗೆ ಅದೇನು ತೊಂದರೆ ಇಲ್ಲ. ಅವರ ರಾಡ್ ನೋಡಿದೆ. ತುದಿ ಪೊರಕೆ ಕಡ್ಡಿಯ ಹಾಗೆ. ಅದರ ತುದಿಗೆ ಇನ್ನೊಂದು ಕೂದಲಿನಂಥ ಸ್ಪ್ರಿಂಗ್ ತಂತಿ, ಅದರ ಕೊನೆಗೆ ಕೆಂಪು ಮಣಿ. ನನ್ನ ದಪ್ಪ ರಾಡನ್ನು ಅವರು ಕೈಗೆ ತಗೊಂಡು, ಆಡಿಸಿ, ನಕ್ಕು ವಾಪಸ್ ಕೊಟ್ಟರು. ಒಂದೂ ಮಾತಿಲ್ಲ.

ಆಗ ನೆನಪಾಯಿತು, ಅಪ್ಪನ ಕಾಫಿ ಹಣ್ಣು.

ಅಪ್ಪ ಹೊಸ ಕೋಲು ಮಾಡಿದಾಗ ಅದಕ್ಕೊಂದು ಪರೀಕ್ಷೆ ಇಡುತ್ತಿದ್ದರು. ದಾರ ಕಟ್ಟಿ, ಅದರ ಕೊನೆಗೆ ಒಂದೇ ಒಂದು ಹಣ್ಣು ಕಾಫಿ ತೂಗು ಹಾಕುತ್ತಿದ್ದರು. ತುದಿ ಬಾಗಬೇಕು. ಸ್ವಲ್ಪ, ಹೊಸ ಸೊಸೆ ತಲೆ ಬಗ್ಗಿಸಿದಷ್ಟು. ಬಾಗದಿದ್ದರೆ ಆ ಕೋಲು ಹಸು ಹೊಡೆಯೋಕೆ. ಆಮೇಲೆ ನನಗೆ ಕಣ್ಣು ಮುಚ್ಚಲು ಹೇಳಿ, ಕೋಲು ಹಿಡಿಸಿ, ಹಣ್ಣನ್ನು ಬೆರಳಿನಿಂದ ತಟ್ಟುತ್ತಿದ್ದರು. "ಎಷ್ಟು ಸಲ ತಟ್ಟಿದೆ?" ಎಂದು ಕೇಳುವರು. ಲೆಕ್ಕ ಸರಿ ಬಂದರೆ ಕೋಲು ಪಾಸು. ತಪ್ಪಿದರೆ ನಾನು ಫೇಲಾ, ಕೋಲು ಫೇಲಾ ಎಂದು ಇನ್ನೊಂದು ಸಲ.

ಇಷ್ಟು ಗೊತ್ತಿದ್ದೂ ಅಂಗಡಿಯಲ್ಲಿ ಬೆಪ್ಪಾಗಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮಂಗಳವಾರ ಮತ್ತೆ ಅದೇ ಅಂಗಡಿ. ಈ ಸಲ ನಾನು ಮೊದಲು ಗಾಳಗಳ ಕಡೆ ಹೋದೆ. ಬಟಾಣಿಗಿಂತ ಸಣ್ಣ ಜಿಗ್ ಒಂದನ್ನು ಆರಿಸಿದೆ. ಜಿಗ್ ಅಂದರೆ ಕೊಕ್ಕೆಯ ಕತ್ತಿಗೆ ಲೋಹದ ಗುಂಡು ಹಚ್ಚಿದ್ದು. ಅದನ್ನು ಒಂದು ಮೊಳ ದಾರಕ್ಕೆ ಕಟ್ಟಿಸಿ, ಗೋಡೆಯಲ್ಲಿದ್ದ ರಾಡ್ ಒಂದೊಂದರ ತುದಿಗೂ ತೂಗು ಹಾಕಿ ನೋಡಿದೆ. 'ಮೀಡಿಯಂ' ಎಂದು ಬರೆದದ್ದು ಅಲುಗಲಿಲ್ಲ. 'ಲೈಟ್' ಸ್ವಲ್ಪ ಯೋಚನೆ ಮಾಡಿತು. 'ಅಲ್ಟ್ರಾಲೈಟ್' ಬಾಗಿತು. ಅಂಗಡಿ ಹುಡುಗ ದೂರದಿಂದ ನೋಡುತ್ತಿದ್ದ. ಅಳಿಯ ಮುಜುಗರದಿಂದ ಪಕ್ಕದ ಸಾಲಿಗೆ ಹೋಗಿ ಕೈಗವಸು ನೋಡುತ್ತಾ ನಿಂತರು. ಹತ್ತು ರಾಡ್ ತೂಗಿದ ಮೇಲೆ ಎರಡು ಉಳಿದವು. ಕಣ್ಣು ಮುಚ್ಚಿ, ಅಳಿಯನ ಹತ್ತಿರ ತಟ್ಟಿಸಿದೆ. ಪಾಪ, ತಟ್ಟಿದರು. ಒಂದರಲ್ಲಿ ಮೂರು ತಟ್ಟಿದ್ದು ಮೂರಾಗಿ ಕೈಗೆ ಬಂತು. ಅದೇ ಈ ಮೂರು ಗೇಣಿನದು. ಇದರ ತುದಿಗೂ ಅಜ್ಜನದರಂಥ ಮಣಿ ಇದೆ.

ಯಾಕೆ ಇಷ್ಟು ಸೂಕ್ಷ್ಮ ಬೇಕು ಅಂದರೆ, ಚಳಿಗಾಲದ ಮೀನು ಸೋಮಾರಿ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಅದು ತಳಕ್ಕೆ ಹೋಗುತ್ತದೆ. ಅದಕ್ಕಿಂತ ತಣ್ಣಗಾದದ್ದು ಮೇಲೆ ಉಳಿದು ಐಸ್ ಆಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅಲ್ಲಿ ಕಣ್ಣಿಗೆ ಕಂಡಿತು. ಆ ತಣ್ಣೀರಲ್ಲಿ ಮೀನಿಗೆ ಹಸಿವು ಕಡಿಮೆ, ಓಡಾಟ ಕಡಿಮೆ. ಬಂದು ಗಬಕ್ ಎಂದು ನುಂಗುವುದಿಲ್ಲ. ಹತ್ತಿರ ಬಂದು, ನೋಡಿ, ಉಸಿರು ಎಳೆದ ಹಾಗೆ ಒಳಗೆ ಎಳೆದುಕೊಂಡು, ರುಚಿ ಸರಿ ಇಲ್ಲ ಎಂದು ಉಗಿದು ಬಿಡುತ್ತದೆ. ಇದೆಲ್ಲ ಒಂದು ಕ್ಷಣದಲ್ಲಿ. ಗಟ್ಟಿ ರಾಡ್ ಹಿಡಿದವನಿಗೆ ಮೀನು ಬಂದು ಹೋದದ್ದೇ ಗೊತ್ತಾಗುವುದಿಲ್ಲ. ನಾವು ಆ ಭಾನುವಾರ ಎಷ್ಟು ಮೀನುಗಳಿಗೆ ಸುಮ್ನೆ ಗಾಳದ ರುಚಿ ತೋರಿಸಿ ಕಳಿಸಿದೆವೋ.

ದಾರವನ್ನೂ ಬದಲಿಸಿದೆ. ಹೆಣೆದದ್ದು ತೆಗೆಸಿ ಒಂಟಿ ಎಳೆಯ ನೈಲಾನ್ ಹಾಕಿಸಿದೆ, 3 ಪೌಂಡ್ ಭಾರ ತಡೆಯುವಂಥದು. ನಮ್ಮಲ್ಲಿ ಅದನ್ನು ಯಾರೂ ಗಾಳದ ದಾರ ಎಂದು ಒಪ್ಪುವುದಿಲ್ಲ, ಹೂ ಕಟ್ಟೋಕಾ ಎನ್ನುತ್ತಾರೆ. ಆದರೆ ದಪ್ಪ ದಾರ ಚಳಿಗೆ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ. ಒಂದು ಗ್ರಾಂ ಆಸುಪಾಸಿನ ಜಿಗ್‌ಗೆ ಆ ಸುರುಳಿ ಬಿಡಿಸುವ ಶಕ್ತಿ ಇಲ್ಲ. ಸುರುಳಿ ಇದ್ದರೆ ಮೀನು ಎಳೆದದ್ದು ಸುರುಳಿಗೇ ಮುಗಿಯುತ್ತದೆ, ಕೈಗೆ ಬರುವುದಿಲ್ಲ.

ರೀಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಾಮೂಲಿ ರೀಲು ದಾರವನ್ನು ತಿರುಚುತ್ತದೆ. ಆ ತಿರುಚಿಗೆ ಕೆಳಗೆ ಜಿಗ್ ಬುಗುರಿ ಹಾಗೆ ಸುತ್ತುತ್ತದೆ. ಸುತ್ತುವ ಹುಳವನ್ನು ಯಾವ ಮೀನೂ ನಂಬುವುದಿಲ್ಲ. ಅದಕ್ಕೆ ಚಕ್ರದ ಹಾಗೆ ನೆಟ್ಟಗೆ ಬಿಚ್ಚುವ ಇನ್‌ಲೈನ್ ರೀಲು ಬರುತ್ತದೆ. ಒಳ್ಳೆಯದೇ, ಆದರೆ ನಾನು ತಗೊಳ್ಳಲಿಲ್ಲ. ಸುತ್ತು ನಿಲ್ಲುವವರೆಗೆ ಕಾದು ಕೂತರೆ ಆಯಿತು.

ಇನ್ನು ಗಾಳ. ಇಲ್ಲೇ ನನಗೆ ನಿಜವಾದ ಪಾಠ ಆದದ್ದು.

ನಾವು ಸೀಸ ಉಪಯೋಗಿಸಿದವರು. ಅಪ್ಪ ಸೀಸದ ಚೂರನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಒತ್ತುತ್ತಿದ್ದರು. ಈಗ ನೆನೆಸಿದರೆ ಮೈ ಜುಂ ಅನ್ನುತ್ತದೆ. ಅಲ್ಲಿ ಈಗ ಟಂಗ್‌ಸ್ಟನ್ ಬಳಸುವವರು ತುಂಬಾ. ಹಳೇ ಬಲ್ಬಿನ ಒಳಗೆ ತಂತಿ ಇರುತ್ತಿತ್ತಲ್ಲ, ಅದೇ ಲೋಹ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ಟಂಗ್‌ಸ್ಟನ್ 19.3 ಗ್ರಾಂ. ಅಂದರೆ ಸಣ್ಣ ಗುಂಡಿನಲ್ಲೇ ಜಾಸ್ತಿ ಭಾರ. ಸಣ್ಣದಿದ್ದರೆ ಸೋಮಾರಿ ಮೀನಿಗೂ ಬಾಯಿ ಹಾಕುವ ಮನಸ್ಸಾಗುತ್ತದೆ. ಭಾರ ಇದ್ದರೆ ದಾರ ಬಿಗಿಯಾಗಿ ನಿಲ್ಲುತ್ತದೆ, ಬೇಗ ತಳ ಸೇರುತ್ತದೆ. ಬೆಲೆ ಮಾತ್ರ ಚಿನ್ನದ ಮೂಗುಬೊಟ್ಟಿನ ಹಾಗೆ. 3, 4, 5 ಮಿಲಿಮೀಟರ್ ಎಂದು ಅಳತೆಯಲ್ಲಿ ಮಾರುತ್ತಾರೆ. ನಾನು 4ರದ್ದು ಮೂರು, 5ರದ್ದು ಒಂದು ತಗೊಂಡೆ.

ಗಂಟು ಹಾಕುವುದರಲ್ಲೂ ಒಂದು ಗುಟ್ಟಿದೆ. ಕೊಕ್ಕೆ ನೀರಿನಲ್ಲಿ ಅಡ್ಡಡ್ಡ ಮಲಗಿದ ಹಾಗೆ ತೂಗಬೇಕು. ಗಂಟು ಉಂಗುರದ ಮುಂದಕ್ಕೆ ಜಾರಿದರೆ ಜಿಗ್ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಪ್ರತಿ ಮೀನು ಬಿಡಿಸಿದ ಮೇಲೂ ಉಗುರಿನಿಂದ ಗಂಟನ್ನು ಸರಿಸಿ ನೆಟ್ಟಗೆ ಮಾಡಬೇಕು. ಇದನ್ನು ಬಕೆಟ್ ಅಜ್ಜ ನನ್ನ ಕೈಯಿಂದ ದಾರ ಕಸಿದುಕೊಂಡೇ ತೋರಿಸಿದರು.

ಅದಕ್ಕೆ ಸಿಕ್ಕಿಸುವ ಹುಳ ನೋಡಿ ನಾನು ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಸಣ್ಣ ಡಬ್ಬಿ, ಮರದ ಹೊಟ್ಟು, ಒಳಗೆ ಬೆಳ್ಳಗೆ ಕೊಬ್ಬಿದ ಹುಳಗಳು. ವ್ಯಾಕ್ಸ್ ವರ್ಮ್ ಅಂತೆ. ಅಯ್ಯೋ, ಇದು ನಮ್ಮ ಮೇಣದ ಹುಳ! ಜೇನು ಪೆಟ್ಟಿಗೆಯಲ್ಲಿ ತುಡುವೆ ಜೇನಿನ ಕುಟುಂಬ ಸೊರಗಿತು ಅಂದರೆ ನುಗ್ಗಿ, ಎರಿಯನ್ನೆಲ್ಲ ತಿಂದು ಬಲೆ ಕಟ್ಟುವ ಅದೇ ಪತಂಗದ ಮರಿ. ನಾವು ಬೈದುಕೊಂಡು ಪೆಟ್ಟಿಗೆಯಿಂದ ಕೆರೆದು ಕೋಳಿಗೆ ಹಾಕುತ್ತೇವೆ. ಅಲ್ಲಿ ಸಾಕಿ, ಎಣಿಸಿ, ಫ್ರಿಜ್ಜಿನಲ್ಲಿಟ್ಟು ಮಾರುತ್ತಾರೆ. ನಾನು ದುಡ್ಡು ಕೊಟ್ಟು ಮೇಣದ ಹುಳ ತಗೊಂಡೆ ಎಂದು ಫೋನಿನಲ್ಲಿ ಹೇಳಿದಾಗ ನಮ್ಮವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಇಲ್ಲಿ ಹಳೇ ಪೆಟ್ಟಿಗೆಯಲ್ಲಿ ಒಂದು ಸೇರು ಇದೆ, ಪಾರ್ಸೆಲ್ ಮಾಡಲಾ?" ಎಂದರು.

ಮುಂದಿನ ಭಾನುವಾರ ಅದೇ ತೂತಿನ ಹತ್ತಿರ. ಜಿಗ್ ಇಳಿಸಿದೆ. ತಳ ಮುಟ್ಟಿದ ಮೇಲೆ ಒಂದು ಮೊಳ ಮೇಲೆತ್ತಿದೆ. ಬೆರಳು ನಡುಗಿಸಿದಷ್ಟೇ ಆಡಿಸಿ, ನಿಲ್ಲಿಸಿದೆ. ಮಣಿ ತಗ್ಗಿತು. ಎತ್ತಿದೆ. ಅಂಗೈ ಅಗಲದ ಬ್ಲೂಗಿಲ್. ನೋಡಿದರೆ ನಮ್ಮ ಜಿಲೇಬಿ ಮೀನಿನ (ತಿಲಾಪಿಯಾ) ದೂರದ ನೆಂಟ, ಹಾಗೇ ಚಪ್ಪಟೆ, ಬೆನ್ನಿನ ಮೇಲೆ ಹಾಗೇ ಮುಳ್ಳು. ಅಳಿಯನ ಕೂಗಿಗೆ ಮಗು ಎದ್ದಿರಬೇಕು, ಮನೆ ಅಷ್ಟು ಹತ್ತಿರ.

ಐದಾರು ಹೀಗೇ ಬಂದವು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಮಣಿ ತಗ್ಗುವ ಬದಲು ಮೇಲೆ ಏಳುತ್ತದೆ! ನಾನು ಗಾಳಿಗೆ ಇರಬೇಕು ಎಂದು ಬಿಟ್ಟೆ. ಹುಳ ಮಾಯ. ಮತ್ತೆ ಹಾಗೇ. ಮೂರನೇ ಸಲ ಬಕೆಟ್ ಅಜ್ಜ ದೂರದಿಂದಲೇ ಕೈ ಮೇಲೆ ಮಾಡಿ 'ಎತ್ತು ಎತ್ತು' ಎಂದು ಸನ್ನೆ ಮಾಡಿದರು. ಎತ್ತಿದರೆ ಬೇರೆ ಮೀನು, ಕ್ರ್ಯಾಪಿ. ಕಾಗದದ ಹಾಗೆ ತೆಳು ಬಾಯಿ. ಇದು ಕೆಳಗಿನಿಂದ ಮೇಲೆ ಬಂದು ಕಚ್ಚುತ್ತದೆ. ಕಚ್ಚಿದಾಗ ಜಿಗ್‌ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಅದಕ್ಕೆ ತುದಿ ನೆಟ್ಟಗಾಗುತ್ತದೆ. ಬೆಂಡು ಮುಳುಗಿದರೆ ಮೀನು ಎಂದು ಐವತ್ತು ವರ್ಷ ನಂಬಿದ್ದೆ. ಏಳುವುದೂ ಮೀನೇ ಅಂತೆ. ಇದಕ್ಕೆ ಜಿಗ್ ತೂಕಕ್ಕೆ ತುದಿ ಮೊದಲೇ ಸ್ವಲ್ಪ ಬಾಗಿರಲೇಬೇಕು. ಬಾಗದ ರಾಡಿಗೆ ಏಳೋದಕ್ಕೆ ಜಾಗ ಎಲ್ಲಿ? ಅಪ್ಪನ ಕಾಫಿ ಹಣ್ಣಿನ ಲೆಕ್ಕದ ಅರ್ಧ ನನಗೆ ಅಲ್ಲಿ ಗೊತ್ತಾಯಿತು.

ಅಲ್ಲಿ ಕೆಲವರ ಹತ್ತಿರ ಮೀನು ತೋರಿಸುವ ಯಂತ್ರ ಇರುತ್ತದೆ. ತೂತಿನಲ್ಲಿ ಒಂದು ಗುಂಡಿ ಇಳಿಬಿಟ್ಟರೆ ಮೇಲೆ ಬಣ್ಣದ ಗೆರೆ. ನಿಮ್ಮ ಜಿಗ್ ಎಲ್ಲಿದೆ, ಮೀನು ಎಲ್ಲಿದೆ ಎಲ್ಲ ಕಾಣುತ್ತದೆ. ಪಕ್ಕದ ಡೇರೆಯ ಹುಡುಗರು ತೋರಿಸಿದರು. ನೋಡಿದೆ. ಪರೀಕ್ಷೆ ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ಸಿಕ್ಕಿದ ಹಾಗೆ. ಅಳಿಯನಿಗೆ ತುಂಬಾ ಇಷ್ಟವಾಯಿತು, ನನಗೆ ಅಷ್ಟು ಸೇರಲಿಲ್ಲ.

ಮನೆಗೆ ತಂದ ಮೀನನ್ನು ಅರಿಶಿನ, ಕಾಳುಮೆಣಸಿನ ಪುಡಿ, ಕಾಚಂಪುಳಿ ಹಚ್ಚಿ ಹುರಿದೆ. ಕಾಚಂಪುಳಿ ಬಾಟಲಿ ಮುಚ್ಚಳ ತೆಗೆದ ಕೂಡಲೇ ಮಗಳು ಕೋಣೆಯಿಂದ, "ಅಮ್ಮಾ, ನನಗೂ" ಎಂದಳು. ಬಾಣಂತಿಗೆ ಮೀನು ಕೊಡಬಹುದಾ ಬೇಡವಾ ಎಂದು ಅರ್ಧ ಗಂಟೆ ಊರಿಗೆ ಫೋನ್ ಮಾಡಿ ಚರ್ಚೆ ನಡೆಯಿತು. ಅಷ್ಟರಲ್ಲಿ ಅವಳು ಎರಡು ತಿಂದಿದ್ದಳು.

ಫೆಬ್ರವರಿಯಲ್ಲಿ ಒಂದು ದಿನ ದೊಡ್ಡ ಕೆರೆಗೂ ಹೋದೆವು. ಮಿಲ್ ಲ್ಯಾಕ್ಸ್ ಎಂದು ಹೆಸರು, 1,32,000 ಎಕರೆ. ನಮ್ಮ ಹಾರಂಗಿ ಹಿನ್ನೀರು ಅದರ ಒಂದು ಮೂಲೆಗೆ ಸಾಲದು. ಐಸ್ ಮೇಲೆ ರಸ್ತೆ ಮಾಡಿ, ಹಿಮ ಗೋರಿ, ಕಾರು ಬಿಡುತ್ತಾರೆ. ಅಲ್ಲಿ ಎಲ್ಲರಿಗೂ ವಾಲೈ ಮೀನು ಬೇಕು. ಆ ರಾಜ್ಯದ ಮೀನೇ ಅದು. ಕಣ್ಣು ರಾತ್ರಿ ಬೆಕ್ಕಿನ ಹಾಗೆ ಹೊಳೆಯುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ಬೇಟೆಗೆ ಬರುತ್ತದೆ. ಅದಕ್ಕೆ ನನ್ನ ಮೂರು ಗೇಣಿನದು ಆಗುವುದಿಲ್ಲ. ಬಾಯಿ ಗಟ್ಟಿ, ಕೊಕ್ಕೆ ನಾಟಬೇಕಾದರೆ ರಾಡಿನ ಸೊಂಟದಲ್ಲಿ ಬಲ ಬೇಕು. ತುದಿ ಮಾತ್ರ ಆಗಲೂ ಮೆತ್ತಗಿರಬೇಕು. 32 ಇಂಚಿನ 'ಮೀಡಿಯಂ ಲೈಟ್' ಬಾಡಿಗೆಗೆ ತಗೊಂಡೆವು. ಮನೆಯಲ್ಲಿ ಬಿಟ್ಟು ಬಂದ ಆ ಮೊದಲ ದಪ್ಪ ರಾಡ್ ಇದಕ್ಕೂ ಗಟ್ಟಿಯೇ.

ವಾಲೈಗೆ ಸ್ಪೂನ್ ಹಾಕುತ್ತಾರೆ. ಹೊಳೆಯುವ ತಗಡಿನ ತುಂಡು, ಬಿದ್ದಾಗ ಎಲೆ ಉದುರಿದ ಹಾಗೆ ತೂಗಾಡಿ ಇಳಿಯುತ್ತದೆ. ಕೊಕ್ಕೆಗೆ ಸಣ್ಣ ಮೀನಿನ ತಲೆ. ತಿಳಿ ನೀರಾದರೆ ಬೆಳ್ಳಿ ಬಣ್ಣ, ಕದಡಿದ ನೀರಾದರೆ ಚಿನ್ನದ ಬಣ್ಣ ಎಂದು ಹೇಳಿಕೊಟ್ಟರು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೊಳಪು ತುಂಬಿಸುವ ಬಣ್ಣವೂ ಇದೆ. ಇನ್ನೊಂದು ಇದೆ, ಫಿನ್‌ಲೆಂಡಿನ ರಾಪಾಲ ಕಂಪನಿಯದು. ಎತ್ತಿ ಬಿಟ್ಟರೆ ಸುತ್ತು ಹೊಡೆಯುವ ಮೀನಿನಾಕಾರದ ಗಾಳ. ಆ ಕಂಪನಿಯ ಮೂಲಪುರುಷ ಲೌರಿ ರಾಪಾಲ 1936ರಲ್ಲಿ ಬೆಂಡು ಕೆತ್ತಿ, ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಬಳಿದು ತನ್ನ ಮೊದಲ ಗಾಳ ಮಾಡಿದನಂತೆ. ಇದನ್ನು ಕೇಳಿ ನನಗೆ ಆ ಮನುಷ್ಯ ಅಪ್ಪನ ಸ್ನೇಹಿತ ಅನಿಸಿಬಿಟ್ಟ.

ಸಂಜೆ ಐದೂವರೆಗೆ ಒಂದು ವಾಲೈ ಸಿಕ್ಕಿತು. ತೂತಿನಲ್ಲಿ ತಲೆ ಬಂದಾಗ ಆ ಕಣ್ಣು ನೋಡಿ ಕೈ ನಡುಗಿತು. ಅಲ್ಲಿ ಅಳತೆಯ ನಿಯಮ ಇತ್ತು. ಆ ಅಳತೆಗೆ ಬಂದರೆ ಮಾತ್ರ ಇಟ್ಟುಕೊಳ್ಳಬಹುದಿತ್ತು. ನಮ್ಮದು ಅಳತೆಗೆ ಬರಲಿಲ್ಲ. ಬಿಟ್ಟೆವು. ಬೇಜಾರೇನಿಲ್ಲ. ಇಲ್ಲಿ ಕಾವೇರಿಯ ಬಿಳಿಮೀನು (ಮಹಶೀರ್), ಬೆನ್ನು ಗೂನಾಗಿ ರೆಕ್ಕೆ ಕಿತ್ತಳೆ ಬಣ್ಣದ್ದು, ಅಪ್ಪನ ಕಾಲದಲ್ಲಿ ಕತೆಯಾಗಿತ್ತು. ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದ ವರ್ಷವೇ ಅತಿ ಅಪಾಯದ ಪಟ್ಟಿಗೂ ಸೇರಿತು. ಅಳತೆ ಪಟ್ಟಿ ಸ್ವಲ್ಪ ಮೊದಲೇ ಹಿಡಿದಿದ್ದರೆ ಎಂದು ಅನಿಸದೆ ಇರಲಿಲ್ಲ.

ಬರುವಾಗ ರಾಡನ್ನು ಮಗುವಿನ ಹಳೇ ಹೊದಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಅಡ್ಡಕ್ಕೆ ಸರಿಯಾಗಿ ಹಿಡಿಯಿತು. ಗಿಡ್ಡ ರಾಡಿನ ಇನ್ನೊಂದು ಉಪಯೋಗ.

ಇಲ್ಲಿ ಅದು ಕೆಲಸಕ್ಕೆ ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ದಡದಿಂದ ಹಾಕಿದರೆ ಆಗುವುದೇ ಇಲ್ಲ. ಕಾಲ ಬುಡದಲ್ಲೇ ಕೆಸರು. ಆದರೆ ನಮ್ಮ ಕೆರೆಯಲ್ಲಿ ಪಂಪ್ ಇಡಲು ಡ್ರಮ್ ಕಟ್ಟಿದ ತೆಪ್ಪ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕೋಕೆ. ಅದರ ಕೆಳಗೆ ಹನ್ನೆರಡು ಅಡಿ ನೀರು, ನೆರಳು ಬೇರೆ. ಹಲಗೆಗಳ ನಡುವೆ ಒಂದು ಸಂದು, ಸರಿಯಾಗಿ ಎಂಟು ಇಂಚು. ಅಲ್ಲಿ ಮಣೆ ಹಾಕಿ ಕೂತೆ. ಮಿನೆಸೋಟದಲ್ಲಿ ಕೂತ ಹಾಗೇ, ಬೆವರು ಮಾತ್ರ ಹೆಚ್ಚು.

ಹುಳಕ್ಕೆ ಹಳೇ ಜೇನು ಪೆಟ್ಟಿಗೆ ತೆಗೆದೆ. ನಮ್ಮವರು ಹೇಳಿದ ಸೇರು ಇನ್ನೂ ಹಾಗೇ ಇತ್ತು. 4 ಮಿಲಿಮೀಟರಿನ ಜಿಗ್, ಒಂದು ಮೇಣದ ಹುಳ. ಜಿಲೇಬಿ ಮೀನು ಸಾಲುಗಟ್ಟಿ ಬಂದವು. ಇವು ಐಸ್ ಕೆಳಗಿನವುಗಳ ಹಾಗೆ ಸೋಮಾರಿ ಅಲ್ಲ, ಕಚ್ಚಿದರೆ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಹಾಗಿದ್ದರೆ ಈ ಸೂಕ್ಷ್ಮ ತುದಿ ಯಾಕೆ ಬೇಕು ಎಂದು ಕೇಳಬಹುದು. ಡಿಸೆಂಬರ್ ಬೆಳಿಗ್ಗೆ ಏಳು ಗಂಟೆಗೆ ಬಂದು ಕೂತು ನೋಡಿ. ಮಂಜು ಬಿದ್ದು ನೀರು ತಣ್ಣಗಾದಾಗ ಇವೂ ಹಾಗೇ, ಬಾಯಿಗೆ ತಗೊಂಡು ಉಗಿಯುತ್ತವೆ. ಆಗ ರೈಟರ ಬಿದಿರಿಗೆ ಒಂದೂ ಇಲ್ಲ, ನನ್ನ ಬುಟ್ಟಿಯಲ್ಲಿ ನಾಲ್ಕು. ಅವರು ಈಗ ತುಂಡು ಎನ್ನುವುದಿಲ್ಲ.

ಎರಡು ಸಲ ಸೋತಿದ್ದೇನೆ. ಒಂದು ಕಾಟ್ಲಾ ಹಿಡಿದು ನೇರ ತಳಕ್ಕೆ ಹೋಯಿತು. 3 ಪೌಂಡಿನ ದಾರ ಟಿಕ್ ಎಂದಿತು, ಒಂದು ಟಂಗ್‌ಸ್ಟನ್ ಹೋಯಿತು. ಇನ್ನೊಂದು ಸಲ ಮಣಿ ತಗ್ಗಿತು, ನಾನು ಎತ್ತಿದೆ, ಅಲುಗಲಿಲ್ಲ. ದೊಡ್ಡದು ಎಂದು ಹತ್ತು ನಿಮಿಷ ಉಸಿರು ಬಿಗಿ ಹಿಡಿದು ಆಡಿಸಿದೆ. ನೋಡಿದರೆ ಪಂಪಿನ ಪೈಪಿನ ತುದಿಯ ಫುಟ್‌ವಾಲ್. ಎರಡು ದಿನ ಬಿಟ್ಟು ನಮ್ಮವರು ಸ್ಪ್ರಿಂಕ್ಲರ್ ಹಾಕಲು ಪೈಪ್ ಎತ್ತಿದಾಗ ಅದರ ಜಾಲರಿಯಲ್ಲಿ ನನ್ನ 5 ಮಿಲಿಮೀಟರಿನ ಜಿಗ್ ಸಿಕ್ಕಿಕೊಂಡಿತ್ತು. ಅದಕ್ಕೆ ಒಂದು ಜಿಲೇಬಿ ಮರಿಯೂ ಸಿಕ್ಕಿತ್ತು, ಇನ್ನೂ ಜೀವಂತ. "ಇದು ನಿನ್ನ ಲೆಕ್ಕಕ್ಕಾ, ನನ್ನ ಲೆಕ್ಕಕ್ಕಾ?" ಎಂದು ಕೇಳಿದರು. ಮೀನು ಅವರಿಗೆ ಬಿಟ್ಟೆ. ಜಿಗ್ ಕಸಿದುಕೊಂಡೆ.